ಹದಿನೇಳು ಗಂಟೆಯ ಹಾರಾಟ, ಮೂವತ್ತು ಗಂಟೆಯ ದಾರಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ನಮ್ಮ ಸಮಾಜದ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವುದು ಈಗ ಅಪರೂಪವಲ್ಲ. ಅಲ್ಲಿಂದ ಊರಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರೆ, ‘ಒಂದು ದಿನ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಒಂದು ದಿನದ ಲೆಕ್ಕವನ್ನು ನಾವೆಲ್ಲರೂ ಸರಿಯಾಗಿ ತಿಳಿದಿರುವುದು ಅವಶ್ಯವಾಗಿದೆ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ನೇರ ಅಂತರ ಸುಮಾರು 14,000 ಕಿಲೋಮೀಟರು. 2021ರ ಜನವರಿ 9ರಂದು ಏರ್ ಇಂಡಿಯಾ ಸಂಸ್ಥೆಯು ಈ ಮಾರ್ಗದಲ್ಲಿ ತನ್ನ ಮೊದಲ ನೇರ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಆ ವಿಮಾನವು ಉತ್ತರ ಧ್ರುವದ ಮೇಲಿಂದ ಹಾಯ್ದು ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಗೋಡೆಯ ನಕಾಶೆಯಲ್ಲಿ ಅದು ಸುತ್ತುದಾರಿಯಂತೆ ಕಾಣುವುದು. ಆದರೆ ಭೂಗೋಲದ ಮೇಲೆ ಎರಡೂ ಊರುಗಳಿಗೆ ದಾರ ಹಿಡಿದು ನೋಡಿದರೆ, ಹತ್ತಿರದ ದಾರಿ ಧ್ರುವದ ಕಡೆಯಿಂದಲೇ ಎಂಬುದು ತಿಳಿಯುತ್ತದೆ.

ಶನಿವಾರ ರಾತ್ರಿ ಹೊರಟ ಆ ವಿಮಾನ ಇಳಿದದ್ದು ಸೋಮವಾರ ನಸುಕಿನಲ್ಲಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುವುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ವ್ಯತ್ಯಾಸ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ.

ಹಾರಾಟವೇ ಪ್ರಯಾಣವಲ್ಲ. ವಿಮಾನ ನಿಲ್ದಾಣಕ್ಕೆ 3 ಗಂಟೆ ಮೊದಲೇ ಹೋಗಬೇಕು. ಇಳಿದ ಮೇಲೆ ತಪಾಸಣೆ, ಸಾಮಾನು ಎಂದು 2 ಗಂಟೆ. ಅಲ್ಲಿಂದ ಗದಗಿಗೆ ರಸ್ತೆಯಲ್ಲಿ ಸುಮಾರು 8 ಗಂಟೆ. ನೇರ ವಿಮಾನವೇ ದೊರೆತರೂ ಒಟ್ಟು 30 ಗಂಟೆಗಳಾದವು. ನಡುವೆ ವಿಮಾನ ಬದಲಿಸಬೇಕಾದರೆ, ಟಿಕೆಟು ತಡವಾದರೆ, ಎರಡು ದಿನಗಳು ಸಹಜವಾಗಿ ಕಳೆಯುತ್ತವೆ.

ಈ ಲೆಕ್ಕ ನಮ್ಮನ್ನು ತಟ್ಟುವುದು ಮನೆಯ ಹಿರಿಯರು ಲಿಂಗೈಕ್ಯರಾದಾಗ. ನಮ್ಮಲ್ಲಿ ಸಮಾಧಿ ಕ್ರಿಯೆಯು ಸಾಮಾನ್ಯವಾಗಿ ಅದೇ ದಿನ ಇಲ್ಲವೆ ಮರುದಿನ ನೆರವೇರುತ್ತದೆ. ಸುದ್ದಿ ತಿಳಿದ ಕ್ಷಣದಲ್ಲಿ ಹೊರಟ ಮಗನಿಗೂ ಅಷ್ಟರೊಳಗೆ ಮನೆ ಸೇರುವುದು ಅಸಾಧ್ಯ. ‘ತಂದೆಯ ಮುಖ ನೋಡಲೂ ಬರಲಿಲ್ಲ’ ಎಂದು ಬಂಧುಗಳು ಆಡುವ ಮಾತು ಆತನ ಎದೆಯಲ್ಲಿ ಬಹುಕಾಲ ಉಳಿಯುತ್ತದೆ. ಗಡಿಯಾರ ಮಾಡಿದ ತಪ್ಪನ್ನು ಮಗನ ಮೇಲೆ ಹೊರಿಸುವುದು ಧರ್ಮವಲ್ಲ.

ಆದುದರಿಂದ ಕುಟುಂಬಗಳು ಕೆಲವು ಸಂಗತಿಗಳನ್ನು ಮೊದಲೇ ಮಾತನಾಡಿಕೊಳ್ಳಬೇಕು. ಹಿರಿಯರ ಆರೋಗ್ಯ ಕುಂದಿದಾಗ ಮಕ್ಕಳು ಗಾಬರಿಯಾದಾರೆಂದು ಸುದ್ದಿ ಮುಚ್ಚಿಡಬಾರದು. ಬರುವುದಾದರೆ ಬದುಕಿರುವಾಗಲೇ ಬಂದು ಕೈಹಿಡಿದು ಕೂಡುವಂತಾಗಲಿ. ದೂರದಲ್ಲಿರುವವರು ಪಾಸ್‌ಪೋರ್ಟು, ಮರಳಿ ಹೋಗಲು ಬೇಕಾದ ವೀಸಾ ಇವುಗಳ ಅವಧಿಯನ್ನು ಆಗಾಗ ನೋಡಿಕೊಳ್ಳಬೇಕು. ಕ್ರಿಯೆಗಾಗಿ ಕಾಯಬೇಕೋ ಬೇಡವೋ ಎಂಬುದನ್ನು ಹಿರಿಯರಿಂದಲೇ ಕೇಳಿ ತಿಳಿದಿದ್ದರೆ, ಆ ಹೊತ್ತಿನಲ್ಲಿ ಅಣ್ಣತಮ್ಮಂದಿರ ನಡುವೆ ವಾದಕ್ಕೆ ಎಡೆಯಿರುವುದಿಲ್ಲ.

ಬರಲಾಗದ ಮಗಳು ಅಲ್ಲಿಯೇ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದರೆ ಅದೂ ತಂದೆತಾಯಿಗಳಿಗೆ ಸಲ್ಲಿಸಿದ ಸೇವೆಯೇ ಎಂದು ನಾವು ನಂಬಿದ್ದೇವೆ. ಆಕೆ ಬಂದ ದಿನ ಮನೆಯವರು ಬಾಗಿಲಲ್ಲಿ ಕೇಳಬೇಕಾದ ಮೊದಲ ಮಾತು ‘ಯಾಕೆ ತಡವಾಯಿತು?’ ಎಂಬುದಲ್ಲ; ‘ಬಾರವ್ವ, ದಣಿದಿರುವೆ’ ಎಂಬುದು.