ಕಾಲಿಲ್ಲದ ಯೀಸ್ಟ್ ಜೋಡಿ ಹುಡುಕೋದು ಹೇಗೆ?

ಪುತ್ತೂರು, ಸುಳ್ಯ, ಕಡಬ ಕಡೆಯ ನಮಗೆ ಫೆರೊಮೋನ್ ಹೊಸ ಪದ ಅಲ್ಲ. ತೆಂಗಿನ ತೋಟದಲ್ಲಿ ಬಕೆಟ್ ನೇತು ಹಾಕಿ, ಒಳಗೆ ಫೆರೊಮೋನ್ ಪ್ಯಾಕೆಟ್ ಇಡ್ತಾರೆ. ತನ್ನವರೇ ಕರೀತಿದ್ದಾರೆ ಅಂತ ಕೆಂಪು ಮೂತಿ ಹುಳು ಹಾರಿ ಬಂದು ಅದರೊಳಗೆ ಬೀಳ್ತದೆ. ತೆಂಗಿನ ಕಳ್ಳಿಗೆ ನೊರೆ ಬರಿಸುವ ಯೀಸ್ಟ್‌ನಲ್ಲೂ ಇಂಥ ಕರೆ ಉಂಟು. ಆದ್ರೆ ಹುಳುವಿಗೆ ರೆಕ್ಕೆ ಉಂಟು. ಯೀಸ್ಟ್‌ಗೆ ರೆಕ್ಕೆಯೂ ಇಲ್ಲ, ಕಾಲೂ ಇಲ್ಲ. ಮತ್ತೆ ಅದು ಜೋಡಿಯನ್ನು ಸೇರೋದು ಹೇಗೆ?

ಸ್ಯಾಕರೋಮೈಸಿಸ್ ಸೆರೆವಿಸಿಯೆ ಅನ್ನುವ ಈ ಯೀಸ್ಟ್‌ನಲ್ಲಿ, 16 ಕ್ರೋಮೋಸೋಮ್ ಇರುವ ಒಂಟಿ ಕೋಶಗಳು ಎರಡು ಬಗೆ: 'ಎ' ಮತ್ತು 'ಆಲ್ಫಾ'. ನೋಡೋಕೆ ಎರಡೂ ಒಂದೇ ಥರ. ಆಲ್ಫಾ ಕೋಶ 13 ಅಮಿನೊ ಆಮ್ಲಗಳ ಸಣ್ಣ ಸರಪಳಿಯೊಂದನ್ನು ಹೊರಗೆ ಬಿಡ್ತದೆ. ಅದೇ ಆಲ್ಫಾ ಫ್ಯಾಕ್ಟರ್. ಅದನ್ನು ಹಿಡಿಯುವ ಸ್ಟೆ2 ರಿಸೆಪ್ಟರ್ ಎ ಕೋಶದ ಮೈಮೇಲೆ ಇರ್ತದೆ. ಎ ಕೋಶವೂ ತನ್ನದೇ ಫೆರೊಮೋನ್ ಬಿಟ್ಟು ಆಲ್ಫಾವನ್ನು ಕರೀತದೆ.

ಆಲ್ಫಾ ಫ್ಯಾಕ್ಟರ್ ಬಂದು ಕೂತ ಕೂಡಲೇ ಒಳಗಿನ ಜಿ ಪ್ರೋಟೀನ್ ಬಿಚ್ಚಿಕೊಳ್ತದೆ. ಆಮೇಲೆ ರಿಲೇ ಓಟದ ಹಾಗೆ ಸ್ಟೆ11, ಸ್ಟೆ7, ಫಸ್3 ಎಂಬ ಕಿಣ್ವಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸ್ತವೆ. ಆಗ ಫಾರ್1 ಎಂಬ ಪ್ರೋಟೀನ್ ಕೋಶದ ವಿಭಜನೆಯನ್ನೇ ನಿಲ್ಲಿಸ್ತದೆ. ಯಾಕೆ? ಒಂದು ಕೋಶ ಆಗಲೇ ಡಿಎನ್‌ಎ ನಕಲು ಮಾಡಿಕೊಂಡಿದ್ರೆ, 16 ಮತ್ತು 16 ಕೂಡಿ 32 ಆಗಬೇಕಾದ ಲೆಕ್ಕ ತಪ್ಪಿಹೋಗ್ತದೆ. ಆದ್ರೆ ನಿಲ್ಲೋದಕ್ಕೂ ಬೆಲೆ ಉಂಟು. ಒಳ್ಳೆ ಆಹಾರ ಸಿಕ್ಕಿದ ಅಕ್ಕಪಕ್ಕದ ಕೋಶಗಳು ಸುಮಾರು 90 ನಿಮಿಷಕ್ಕೊಮ್ಮೆ ಇಮ್ಮಡಿ ಆಗ್ತಾ ಇರ್ತವೆ. ಹಾಗಾಗಿ ಜೋಡಿ ಸಿಗದಿದ್ರೆ ಇದಕ್ಕೆ ನಷ್ಟವೇ.

ನಿಂತ ಕೋಶ, ಫೆರೊಮೋನ್ ಯಾವ ಕಡೆ ಜಾಸ್ತಿಯೋ ಆ ಕಡೆಗೆ ಮೂತಿ ಚಾಚಿ ಬೆಳೀತದೆ. ನಡೆಯಲಾರದ್ದು ಬೆಳೆದೇ ತಲುಪ್ತದೆ! ಎರಡು ಮೂತಿ ತಾಗಿದಲ್ಲಿ ಗೋಡೆ ಕರಗಿ ಎರಡೂ ಒಂದಾಗ್ತವೆ.

ನಮಗೆ ತಲೆಬಿಸಿ ಆದದ್ದು ಮುಂದಿನ ವಿಷಯದಲ್ಲಿ. ಎ ಕೋಶ ಬಾರ್1 ಎಂಬ ಕಿಣ್ವ ಬಿಟ್ಟು, ತನ್ನನ್ನು ಕರೆಯುವ ಆಲ್ಫಾ ಫ್ಯಾಕ್ಟರನ್ನೇ ತುಂಡು ಮಾಡ್ತದೆ. ಎಂತ ಮಾರಾಯ್ರೆ, ಇದು ಬಗ್ ಅಲ್ವಾ ಅಂದುಕೊಂಡೆವು. ಅಲ್ಲ. ಪುತ್ತೂರು ಜಾತ್ರೆಯ ಗದ್ದೆಯಲ್ಲಿ ನಾಲ್ಕೂ ಕಡೆ ಮೈಕ್ ಕೂಗುವಾಗ, ಗೆಳೆಯ ಕರೆದದ್ದು ಯಾವ ಕಡೆಯಿಂದ ಅಂತ ಗೊತ್ತಾಗ್ತದಾ? ಹಾಗೇ ಸುತ್ತಲಿನ ರಿಸೆಪ್ಟರ್ ಎಲ್ಲ ತುಂಬಿಬಿಟ್ರೆ ಎಲ್ಲ ದಿಕ್ಕೂ ಒಂದೇ. ನಮ್ಮ ಲ್ಯಾಬ್‌ನಲ್ಲಿ ಆಂಪ್ಲಿಫೈಯರ್ ಸ್ಯಾಚುರೇಟ್ ಆದ ಹಾಗೆ. ಬಾರ್1 ಇಲ್ಲದ ಕೋಶಗಳು ಫೆರೊಮೋನ್‌ಗೆ ಇನ್ನೂ ಜಾಸ್ತಿ ಸ್ಪಂದಿಸ್ತವೆ, ಆದ್ರೆ ದಿಕ್ಕು ಹಿಡಿಯೋದರಲ್ಲಿ ಎಡವುತ್ತವೆ.

ಸ್ಟೆ2 ನಮಗೆ ದೂರದ್ದೇನೂ ಅಲ್ಲ. ಹೆದರಿದಾಗ ನಮ್ಮ ಎದೆ ಡವಡವ ಅನ್ನಿಸುವ ಅಡ್ರಿನಲಿನ್ ರಿಸೆಪ್ಟರ್ ಕೂಡ ಇದೇ ಜಿಪಿಸಿಆರ್ ಗುಂಪಿನದ್ದು. ಈ ಗುಂಪಿನ ಅಧ್ಯಯನಕ್ಕೆ 2012ರ ರಸಾಯನಶಾಸ್ತ್ರ ನೊಬೆಲ್ ಲೆಫ್ಕೋವಿಟ್ಜ್ ಮತ್ತು ಕೋಬಿಲ್ಕ ಅವರಿಗೆ ಸಿಕ್ಕಿತು. ಮನುಷ್ಯನ ಇಂಥ ರಿಸೆಪ್ಟರ್‌ಗಳನ್ನು ಯೀಸ್ಟ್‌ನಲ್ಲಿ ಕೂರಿಸಿ, ಯಾವ ಮದ್ದು ತಾಗ್ತದೆ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡ್ತಾರೆ. ಕಳ್ಳಿನ ಮಡಕೆಯ ಜೀವಿ ಮದ್ದಿನ ಲ್ಯಾಬ್‌ನಲ್ಲೂ ಕೆಲಸಕ್ಕೆ ಬರ್ತಾ ಉಂಟು.