ಡಿಗ್ರಿ ಇಳಿದರೆ ನೀರೇ ಬೆರೆತಿರಬೇಕೆ?

ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಹಾಲಿನ ಡೇರಿ ಮುಂದೆ ನಿಂತರೆ ಇಂಥ ಮಾತು ಕಿವಿಗೆ ಬೀಳಬಹುದು: “ಯವ್ವಾ, ಡಿಗ್ರಿ ಬರವಲ್ದು, ನೀರ ಹಾಕೀಯೇನ?” “ಒಂದ ಹನೀನೂ ಹಾಕಿಲ್ಲಪಾ, ಈಗ ಹಿಂಡಿಕೊಂಡ ಬಂದೀನಿ!” ಉತ್ತರ ಆ ಎರಡನೆಯ ಮಾತಿನಲ್ಲೇ ಇದೆ. ಅವಳು ‘ಈಗ’ ಹಿಂಡಿ ತಂದಿದ್ದಾಳೆ.

ಡೇರಿಯಲ್ಲಿ ಹೇಳುವ ಈ ‘ಡಿಗ್ರಿ’ ಲ್ಯಾಕ್ಟೋಮೀಟರ್ ತೋರಿಸುವ ಅಂಕಿ. ಲ್ಯಾಕ್ಟೋಮೀಟರ್ ಎಂದರೆ ಬುಡಕ್ಕೆ ಭಾರ ತುಂಬಿದ ಗಾಜಿನ ಕೊಳವೆ. ದ್ರವ ಸಾಂದ್ರವಾದಷ್ಟೂ ಮೇಲೆ ತೇಲುತ್ತದೆ. 30 ಎಂದರೆ, ನೀರು 1 ಆದಾಗ ಹಾಲು 1.030. ಬಿಯರ್ ತಯಾರಿಸುವವರು ಸಕ್ಕರೆಯಂಶ ನೋಡಲು ತೇಲಿಬಿಡುವುದೂ ಇದರ ಅಣ್ಣತಮ್ಮನನ್ನೇ. ಅನಿರೀಕ್ಷಿತ ಅಂಕಿ ಕಂಡು ಅವರೂ ತಲೆ ಕೆರೆದುಕೊಳ್ಳುತ್ತಾರೆ.

ಹೆಚ್ಚಿನವರು ಎಡವುವುದು ‘ಗಟ್ಟಿ ಹಾಲು’ ಎಂಬ ಮಾತಿನಲ್ಲಿ. ಎಮ್ಮೆಯ ಹಾಲು ಗಟ್ಟಿ, ಹಾಗಾಗಿ ಡಿಗ್ರಿ ಏರಲೇಬೇಕು ಎಂದುಕೊಳ್ಳುತ್ತಾರೆ. ಆದರೆ ಕೆನೆ ಎಲ್ಲಿ ಕಟ್ಟುತ್ತದೆ? ಮೇಲೆ! ಕೊಬ್ಬು ನೀರಿಗಿಂತ ಹಗುರ; ಅದು ಹೆಚ್ಚಿದರೆ ಡಿಗ್ರಿ ಇಳಿಯುತ್ತದೆ. ಏರಿಸುವುದು ಸಕ್ಕರೆ, ಪ್ರೋಟೀನು, ಲವಣ, ಅಂದರೆ ಡೇರಿಯವರು ಎಸ್‌ಎನ್‌ಎಫ್ ಎನ್ನುವ ಭಾಗ. ಎಮ್ಮೆಯ ಹಾಲಿನಲ್ಲಿ ಎರಡೂ ಹೆಚ್ಚು, ಹೀಗಾಗಿ ಹಗ್ಗಜಗ್ಗಾಟ. ಕೊನೆಗೆ ಹಿಂಡಿದ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದನ್ನಷ್ಟೇ ಅಳೆದರೆ ಪ್ರಾಮಾಣಿಕಳೂ ಕಳ್ಳಿಯಂತೆ ಕಾಣುತ್ತಾಳೆ.

ಇದನ್ನೇ ತಿಳಿದವನ ಕೈಚಳಕ ನೋಡಿ. 7 ಶೇಕಡಾ ಕೊಬ್ಬಿನ ಹಾಲು 30 ತೋರಿಸುತ್ತಿದೆ ಎನ್ನಿ. ಕೆನೆ ತೆಗೆದು ಕೊಬ್ಬನ್ನು 4ಕ್ಕೆ ಇಳಿಸಿದರೆ ಅಂಕಿ ಸುಮಾರು 33ಕ್ಕೆ ಏರುತ್ತದೆ. ಅಂಥ 9 ಲೀಟರಿಗೆ 1 ಲೀಟರ್ ನೀರು ಸುರಿದರೆ ಮತ್ತೆ 30ರ ಹತ್ತಿರ. ಲ್ಯಾಕ್ಟೋಮೀಟರ್ ತುಟಿ ಬಿಚ್ಚುವುದಿಲ್ಲ. ಗರ್ಬರ್‌ನಂಥ ವಿಧಾನದಲ್ಲಿ ಕೊಬ್ಬನ್ನೂ ಅಳೆದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಎರಡು ಅಂಕಿ ಬೇಕು.

ಈಗ ಆ ಯವ್ವನ ಕಡೆ ಬರೋಣ. ನಮ್ಮಲ್ಲಿ ಬಳಕೆಯ ಅನೇಕ ಲ್ಯಾಕ್ಟೋಮೀಟರುಗಳ ಅಳತೆ 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು. ಕೆಚ್ಚಲಿನಿಂದ ಬಂದ ಹಾಲು ಹತ್ತಿರಹತ್ತಿರ 38. ಬಿಸಿಗೆ ಹಾಲು ಹಿಗ್ಗಿ, ಲ್ಯಾಕ್ಟೋಮೀಟರಿನಲ್ಲಿ 29 ತೋರಬೇಕಾದ ಹಾಲು 27 ತೋರುತ್ತದೆ. ನೊರೆಯ ಗಾಳಿಗುಳ್ಳೆ ಹಾಲೊಳಗೆ ಬೆರೆತಿದ್ದರೆ ಇನ್ನಷ್ಟು ಇಳಿತ. ಗುಳ್ಳೆ ಕೊಳವೆಗೇ ಅಂಟಿದರೆ ಮಾತ್ರ ತಿರುಗುಮುರುಗು: ಅದನ್ನು ಮೇಲಕ್ಕೆತ್ತಿ ಸುಳ್ಳು ಏರಿಕೆ ತೋರಿಸುತ್ತದೆ. ಬಿಯರ್‌ನವರ ಕಾಟವೂ ಇದೇ.

ನನಗೆ ಅತಿಪ್ರಿಯವಾದದ್ದು ಇನ್ನೊಂದು. ಹಾಲು ತಣಿದು 27 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೂ, ಮುಟ್ಟದೆ ಬಿಟ್ಟರೂ, ಕೆಲ ತಾಸುಗಳಲ್ಲಿ ಡಿಗ್ರಿ ತುಸು ಏರುತ್ತದೆ! ರೆಕ್ನಾಗೆಲ್ ಪರಿಣಾಮ ಎನ್ನುತ್ತಾರೆ. ಕೊಬ್ಬು ನಿಧಾನಕ್ಕೆ ಹೆಪ್ಪುಗಟ್ಟಿ ಕುಗ್ಗುವುದು ಮುಖ್ಯ ಕಾರಣ.

ಲಕ್ಷ್ಮೇಶ್ವರದ ಪ್ರೌಢಶಾಲೆಯ ಮಕ್ಕಳು ಇದನ್ನು ಸ್ವತಃ ನೋಡಲಿ ಎಂಬುದು ನನ್ನ ಹಂಬಲ. ಒಂದೇ ಎಮ್ಮೆಯ ಒಂದು ಚರಿಗೆ ಹಾಲು, ಥರ್ಮಾಮೀಟರ್, ಲ್ಯಾಕ್ಟೋಮೀಟರ್, ಗ್ರಾಫ್ ಹಾಳೆ ಸಾಕು. ಪ್ರತಿ ಸಲ ಮೆಲ್ಲಗೆ ಕಲಕಿ, ಒಂದೇ ಉಷ್ಣತೆಗೆ ತಂದು, ತಾಸಿಗೊಮ್ಮೆ ಅಂಕಿ ಬರೆಯಿರಿ. ಬೇಸಿಗೆಯಾದರೆ ಬೆಳಗಿನ ಹಾಲೇ ಒಳ್ಳೆಯದು; ಮಧ್ಯಾಹ್ನಕ್ಕೆ ಹುಳಿಯಾದೀತು, ಅಷ್ಟರೊಳಗೆ ಅಳತೆ ಮುಗಿಸಿ.