ಒಂದಕ್ಷರದ ಅಂತರ

ಚಂದ್ರಹಾಸನ ಕಥೆಯನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಲಕ್ಷ್ಮೀಶನ ಜೈಮಿನಿ ಭಾರತದ ಆ ಭಾಗ ಬಂದಾಗ ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತಿ ಕೇಳುತ್ತಿದ್ದರು. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಓಲೆಯೊಂದನ್ನು ಬರೆದು ಚಂದ್ರಹಾಸನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ಓಲೆ ತಂದವನಿಗೆ ವಿಷವನ್ನು ಕೊಡು ಎಂಬುದು ಅದರ ಒಕ್ಕಣೆ. ಉದ್ಯಾನದಲ್ಲಿ ನಿದ್ರಿಸುತ್ತಿದ್ದ ಆ ಚೆಲುವನನ್ನು ಕಂಡ ಮಂತ್ರಿಯ ಮಗಳು ವಿಷಯೆ, ಓಲೆಯನ್ನು ಓದಿ ಒಂದಕ್ಷರವನ್ನು ತಿದ್ದುತ್ತಾಳೆ. ‘ವಿಷ’ವು ‘ವಿಷಯೆ’ಯಾಗುತ್ತದೆ, ಸಾಯಬೇಕಾಗಿದ್ದವನು ಮನೆಯ ಅಳಿಯನಾಗುತ್ತಾನೆ. “ಇದರಲ್ಲಿ ಮದನನ ತಪ್ಪೇನು?” ಎಂದು ನಾನು ಕೇಳುತ್ತಿದ್ದೆ. ಯಾರೂ ಹೇಳದಿದ್ದರೆ ನಾನೇ ಹೇಳುತ್ತಿದ್ದೆ: “ತಂದೆಯ ಮುದ್ರೆಯನ್ನು ನೋಡಿದ, ಓಲೆಯನ್ನು ನೋಡಲಿಲ್ಲ. ತಂಗಿಯ ಮದುವೆಯಂತಹ ಕಾರ್ಯಕ್ಕೆ ತಂದೆ ಬರುವವರೆಗೆ ಏಕೆ ಕಾಯಬಾರದು ಎಂದು ಯೋಚಿಸಲಿಲ್ಲ.”

ಇಷ್ಟೆಲ್ಲ ತಿಳಿವಳಿಕೆ ಹೇಳಿದ ನಾನು, ನಿವೃತ್ತನಾದ ಮೇಲೆ, ಮೂರು ವರ್ಷದ ಹಿಂದಿನ ಒಂದು ಶುಕ್ರವಾರ ಸಂಜೆ ಮದನನಾದೆ.

ಅಂದು ಕಂಪ್ಯೂಟರಿನಲ್ಲಿ ನನ್ನ ಬ್ಯಾಂಕಿನಿಂದ ಬಂದಂತೆ ತೋರುವ ಇ-ಮೇಲ್ ಒಂದು ಕಾಣಿಸಿತು. ಬ್ಯಾಂಕಿನ ಲಾಂಛನವಿತ್ತು, ಅದೇ ಬಣ್ಣವಿತ್ತು, ಕೆಳಗೆ ಅಧಿಕಾರಿಯೊಬ್ಬರ ರುಜುವೂ ಇತ್ತು. “ಮಾನ್ಯ ಗ್ರಾಹಕರೇ, ತಮ್ಮ ಕೆವೈಸಿ ದಾಖಲೆಗಳು ನವೀಕರಣವಾಗಿಲ್ಲ. ಇಂದು ರಾತ್ರಿ ಎಂಟು ಗಂಟೆಯೊಳಗೆ ಸರಿಪಡಿಸದಿದ್ದರೆ ಖಾತೆಯನ್ನು ಸ್ಥಗಿತಗೊಳಿಸಲಾಗುವುದು. ಇಲ್ಲಿ ಒತ್ತಿ” ಎಂದಿತ್ತು. ಗಂಟೆ ಆಗಲೇ ಏಳು. ಪಿಂಚಣಿ ಬರುವುದು ಆ ಖಾತೆಗೆ. ಮುಂದಿನ ವಾರ ನನ್ನ ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಇಟ್ಟಿದ್ದ ಹಣವೂ ಅದರಲ್ಲಿಯೇ ಇತ್ತು. ಒತ್ತಿದೆ. ಬ್ಯಾಂಕಿನದೇ ಎನ್ನುವಂತಹ ಪುಟ ತೆರೆದುಕೊಂಡಿತು. ಕೇಳಿದ ಹೆಸರನ್ನು ಕೊಟ್ಟೆ, ಪಾಸ್‌ವರ್ಡ್ ಕೊಟ್ಟೆ. ಮೊಬೈಲಿಗೆ ಬಂದ ಆರಂಕಿಯ ಒಟಿಪಿಯನ್ನೂ ಕೊಟ್ಟೆ. “ಧನ್ಯವಾದಗಳು” ಎಂದು ಪುಟ ಮುಚ್ಚಿಕೊಂಡಿತು. ಐದು ನಿಮಿಷದಲ್ಲಿ ಮೊಬೈಲು ಎರಡು ಸಲ ನಡುಗಿತು. ನಲವತ್ತೆಂಟು ಸಾವಿರ ರೂಪಾಯಿ ಖಾತೆಯಿಂದ ಹೋಗಿತ್ತು.

ಈ ಬಗೆಯ ಮೋಸಕ್ಕೆ ಇಂಗ್ಲಿಷಿನಲ್ಲಿ ‘ಫಿಶಿಂಗ್’ ಎಂದು ಹೆಸರು. ಗಾಳ ಹಾಕಿ ಮೀನು ಹಿಡಿಯುವುದಕ್ಕೆ ಅವರಲ್ಲಿರುವ ಶಬ್ದವೇ ಅದು. ಕಾಗುಣಿತದಲ್ಲಿ ಮೊದಲಿನ ‘ಎಫ್’ ಹೋಗಿ ‘ಪಿಎಚ್’ ಬಂದಿದೆ, ಅಷ್ಟೆ. 1990ರ ದಶಕದ ನಡುವಿನಲ್ಲಿ, ಅಮೆರಿಕ ಆನ್‌ಲೈನ್ ಸಂಸ್ಥೆಯ ಗ್ರಾಹಕರ ಪಾಸ್‌ವರ್ಡುಗಳನ್ನು ಕದಿಯುತ್ತಿದ್ದವರ ಬಾಯಲ್ಲಿ ಈ ಮಾತು ಹುಟ್ಟಿತು. ಹೆಸರಿನಲ್ಲಿಯೇ ಒಂದಕ್ಷರದ ವೇಷವಿರುವ ಈ ವಿದ್ಯೆಯ ಚರಿತ್ರೆಯಲ್ಲೆಲ್ಲ ಒಂದಕ್ಷರದ ಕಥೆಗಳು ಸಿಕ್ಕುವುದು ವಿಚಿತ್ರವಾಗಿದೆ.

2016ರ ಮಾತು. ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥರು ಜಾನ್ ಪೊಡೆಸ್ಟಾ. ಮಾರ್ಚ್ 19ರಂದು ಅವರಿಗೆ ಗೂಗಲ್ ಹೆಸರಿನಲ್ಲಿ ಎಚ್ಚರಿಕೆಯೊಂದು ಬಂದಿತು: ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಕೂಡಲೇ ಬದಲಿಸಿ ಎಂದು. ಅವರ ಕಚೇರಿಯವರು ಅವಸರಪಡಲಿಲ್ಲ. ಬಲ್ಲವನೊಬ್ಬನಿಗೆ ತೋರಿಸಿ ಕೇಳಿದರು. ಆತ ‘ಇದು ಸಾಧುವಾದ ಪತ್ರ’ ಎಂಬರ್ಥದ ಉತ್ತರ ಬರೆದ. ‘ಅಸಾಧು’ ಎಂದು ಬರೆಯಲು ಹೋಗಿ ಆ ಉಪಸರ್ಗವೊಂದು ಬಿಟ್ಟುಹೋಯಿತು ಎಂದು ಆಮೇಲೆ ಪತ್ರಿಕೆಯವರಿಗೆ ಹೇಳಿದ. ಪಾಸ್‌ವರ್ಡ್ ಬದಲಿಸಲು ಗೂಗಲ್‌ನ ನಿಜವಾದ ವಿಳಾಸವನ್ನೂ ಆತ ತನ್ನ ಉತ್ತರದಲ್ಲಿ ಕೊಟ್ಟಿದ್ದ. ಆದರೆ ಅವರು ಒತ್ತಿದುದು ಮೊದಲ ಪತ್ರದಲ್ಲಿದ್ದ ಗುಂಡಿಯನ್ನು. ಸಾವಿರಾರು ಪತ್ರಗಳು ಕಳವಾಗಿ, ಅದೇ ಅಕ್ಟೋಬರಿನಿಂದ ಲೋಕದ ಮುಂದೆ ಹರಡಿಕೊಂಡವು.

ಅದೇ ವರ್ಷದ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹಣಕ್ಕೆ ಕನ್ನ ಬಿದ್ದಿತು. ಉದ್ಯೋಗಾರ್ಥಿಯೊಬ್ಬನ ವಿನಯಪೂರ್ವಕವಾದ ಪತ್ರದ ವೇಷದಲ್ಲಿ ಹಿಂದಿನ ವರ್ಷವೇ ಗಾಳ ಬಂದಿತ್ತೆಂದು ಅಮೆರಿಕದ ತನಿಖೆಯವರು ಹೇಳಿದರು. ಕಳ್ಳರು ಬಯಸಿದ್ದು 95 ಕೋಟಿ ಡಾಲರಿಗೂ ಹೆಚ್ಚು. ಫಿಲಿಪ್ಪೀನ್ಸಿಗೆ ಹೋದದ್ದು 8 ಕೋಟಿ 10 ಲಕ್ಷ. ಶ್ರೀಲಂಕೆಗೆ ಕಳುಹಿಸಿದ 2 ಕೋಟಿ ಡಾಲರ್ ಮಾತ್ರ ಉಳಿದದ್ದು ಹೇಗೆ ಬಲ್ಲಿರಾ? ಪಡೆಯುವ ಸಂಸ್ಥೆಯ ಹೆಸರಿನಲ್ಲಿ ‘ಫೌಂಡೇಷನ್’ ಎಂಬ ಶಬ್ದದ ಕಾಗುಣಿತ ತಪ್ಪಿತ್ತು. ‘ಫ್ಯಾಂಡೇಷನ್’ ಎಂದಿದ್ದುದನ್ನು ಕಂಡು ನಡುವಿನ ಬ್ಯಾಂಕಿನವರು ‘ಇದೇನು?’ ಎಂದು ಕೇಳಿದರು. ಕಾಗುಣಿತಕ್ಕೆ ಅಂಕ ಕಳೆಯುವ ಮೇಷ್ಟರುಗಳನ್ನು ಹಾಸ್ಯಮಾಡುವವರು ಇದನ್ನು ನೆನಪಿಡಬೇಕು.

ಆದರೆ ಕಾಗುಣಿತವೊಂದನ್ನೇ ನಂಬಿ ಕುಳಿತುಕೊಳ್ಳುವ ಕಾಲ ಹೋಯಿತು. ಇಂದು ತಪ್ಪಿಲ್ಲದ ಇಂಗ್ಲಿಷನ್ನೂ ಒಪ್ಪವಾದ ಕನ್ನಡವನ್ನೂ ಯಂತ್ರವೇ ಬರೆದುಕೊಡುತ್ತದೆ. ಕಳ್ಳನಿಗೂ ವ್ಯಾಕರಣ ಬಂದಿದೆ. ಪತ್ರ ಹೇಗೆ ಬರೆದಿದೆ ಎನ್ನುವುದಕ್ಕಿಂತ ಅದು ನಮ್ಮಿಂದ ಏನನ್ನು ಕೇಳುತ್ತದೆ ಎನ್ನುವುದನ್ನು ನೋಡಬೇಕು. ಗುಟ್ಟನ್ನು ಕೇಳುತ್ತದೆಯೆ? ಈಗಲೇ ಎನ್ನುತ್ತದೆಯೆ? ತಾನು ತೋರಿಸಿದ ಬಾಗಿಲಿನಿಂದಲೇ ಒಳಗೆ ಬರಬೇಕೆನ್ನುತ್ತದೆಯೆ? ಈ ಮೂರೂ ಕೂಡಿದ್ದರೆ ಲಾಂಛನ ಎಷ್ಟೇ ಥಳಥಳಿಸಲಿ, ಅದು ಕಳ್ಳ ಓಲೆ. ಒಟಿಪಿ ಎಂಬುದು ಬ್ಯಾಂಕು ನಮ್ಮ ಕೈಗೆ ಕೊಡುವ ಕೊನೆಯ ಬೀಗದ ಕೈ; ಕೊಟ್ಟವರೇ ಅದನ್ನು ಮರಳಿ ಕೇಳುವುದು ಎಲ್ಲಿಯಾದರೂ ಉಂಟೆ?

ವಿಳಾಸವನ್ನು ಓದುವ ಕ್ರಮವೂ ಒಂದಿದೆ. ನಮ್ಮ ಲಕೋಟೆಗಳನ್ನು ಅಂಚೆಯವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲ ಸಾಲಿನಲ್ಲಿ ‘ಮಹಾರಾಜರ ಅರಮನೆ’ ಎಂದು ಬರೆದು ಕೊನೆಯ ಸಾಲಿನಲ್ಲಿ ‘ಕಳ್ಳರ ಕೊಪ್ಪಲು’ ಎಂದು ಬರೆದರೆ ಕಾಗದ ಅರಮನೆಗೆ ಹೋಗುವುದಿಲ್ಲ, ಕೊಪ್ಪಲಿಗೇ ಹೋಗುತ್ತದೆ. ಅಂತರ್ಜಾಲದ ವಿಳಾಸವೂ ಹಾಗೆಯೇ. ಮೊದಲ ಓರೆಗೆರೆ ಬರುವವರೆಗಿನ ಭಾಗದಲ್ಲಿ ಕೊನೆಗಿರುವ ಶಬ್ದಗಳೇ ಊರು; ಅದರ ಹಿಂದೆ ಬ್ಯಾಂಕಿನ ಹೆಸರನ್ನು ಎಷ್ಟು ಸಲ ಬರೆದರೂ ಅದು ಅಲಂಕಾರ ಮಾತ್ರ. ನನಗೆ ಬಂದ ಪತ್ರದಲ್ಲಿ ಊರಿನ ಹೆಸರೂ ಹೆಚ್ಚುಕಡಿಮೆ ಸರಿಯಾಗಿತ್ತು. ಇಂಗ್ಲಿಷಿನ ‘ಎಮ್’ ಇರಬೇಕಾದಲ್ಲಿ ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಒತ್ತೊತ್ತಾಗಿ ಇಟ್ಟಿದ್ದರು. ಓಲೆಗರಿಯ ಪ್ರತಿಗಳಲ್ಲಿ ಪಾಠಾಂತರ ಹುಡುಕಿದ ಕಣ್ಣಿಗೆ ಅದು ಬೀಳಲಿಲ್ಲ. ರಿಸರ್ವ್ ಬ್ಯಾಂಕು 2025ರಲ್ಲಿ, ದೇಶದ ಬ್ಯಾಂಕುಗಳೆಲ್ಲ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಆದೇಶಿಸಿತು. ಇದು ಒಳ್ಳೆಯ ಗುರುತು. ಆದರೂ ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ, ವಿಳಾಸವನ್ನು ನಾವೇ ಬರೆದು ತೆರೆಯುವುದು, ಅಥವಾ ಪಾಸ್ ಪುಸ್ತಕದಲ್ಲಿರುವ ದೂರವಾಣಿಗೆ ಕೇಳುವುದು ಕ್ಷೇಮ. ಪತ್ರದಲ್ಲಿಯೇ ಕೊಟ್ಟಿರುವ ಸಂಖ್ಯೆಗೆ ಕರೆಮಾಡಿ ವಿಚಾರಿಸುವುದೆಂದರೆ ಕಳ್ಳನನ್ನೇ ಸಾಕ್ಷಿಗೆ ಕರೆದಂತೆ.

ಇಷ್ಟನ್ನು ಯಾರಾದರೂ ಹೇಳಿಯಾರು. ನಾನು ಹೇಳಬೇಕಾದುದು ಆಮೇಲಿನ ನಾಲ್ಕು ದಿನಗಳ ಸಂಗತಿ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹಣ ಹೋಯಿತೆಂಬ ದುಃಖಕ್ಕಿಂತ ಹೆಚ್ಚಾಗಿ, ಜನ ಏನೆಂದಾರು ಎಂಬ ಸಂಕಟ. ಪರೀಕ್ಷೆಯ ಕೊಠಡಿಯಲ್ಲಿ ಅಂಗೈಯಷ್ಟು ಚೀಟಿಯನ್ನು ದೂರದಿಂದಲೇ ಪತ್ತೆಹಚ್ಚುತ್ತಿದ್ದ ಮೇಷ್ಟರು ಎಂಬ ಕೀರ್ತಿ ನನಗಿತ್ತು. ಶನಿವಾರ ಹೇಳಲಿಲ್ಲ. ಭಾನುವಾರ ಹೇಳಲಿಲ್ಲ. ಸೋಮವಾರ ಹೆಂಡತಿ, “ಆಸ್ಪತ್ರೆಗೆ ಯಾವತ್ತು ಹೋಗೋಣ?” ಎಂದಾಗ, “ವೈದ್ಯರು ಊರಲ್ಲಿಲ್ಲವಂತೆ” ಎಂದು ಸುಳ್ಳು ಹೇಳಿದೆ. ಮೋಸಹೋದವನು ಮೋಸ ಮಾಡುವವನೂ ಆಗಲು ಮೂರು ದಿನ ಸಾಕಾಯಿತು.

ಮಂಗಳವಾರ ಬ್ಯಾಂಕಿಗೆ ಹೋದೆ. ಅಲ್ಲಿಯ ಮ್ಯಾನೇಜರು ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ಕೊಟ್ಟ. ನಾನು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

“ಸಾರ್, ಶುಕ್ರವಾರವೇ ಏಕೆ ಹೇಳಲಿಲ್ಲ?”

“ನಾಚಿಕೆಯಾಯಿತಪ್ಪ.”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅನಂತರ ವಿವರಿಸಿದ. ಕದ್ದ ಹಣ ಒಂದೇ ಕಡೆ ಇರುವುದಿಲ್ಲ. ಬಾಡಿಗೆಗೆ ಪಡೆದ ಯಾರ ಯಾರದೋ ಖಾತೆಗಳನ್ನು ದಾಟಿ ಕೊನೆಗೆ ನಗದಾಗಿ ಹೊರಗೆ ಬೀಳುತ್ತದೆ. ಹಣ ಯಾವುದಾದರೂ ಖಾತೆಯಲ್ಲಿ ನಿಂತಿರುವಾಗಲೇ 1930 ಎಂಬ ಸಂಖ್ಯೆಗೆ ದೂರು ಹೋದರೆ ಅದನ್ನು ಅಲ್ಲಿಯೇ ತಡೆಯಬಹುದು. ಆದುದರಿಂದ ಮೊದಲ ಗಂಟೆಯ ಬೆಲೆ ದೊಡ್ಡದು. ಅದೇ ದೂರನ್ನು ಕೇಂದ್ರ ಸರ್ಕಾರದ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿಯೂ ಕೊಡಬಹುದು. ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು, ಪಾಸ್‌ವರ್ಡನ್ನು ಬದಲಿಸಬೇಕು, ಅದೇ ಪಾಸ್‌ವರ್ಡನ್ನು ಬೇರೆಡೆ ಬಳಸಿದ್ದರೆ ಅಲ್ಲಿಯೂ ಬದಲಿಸಬೇಕು, ಬಂದ ಪತ್ರವನ್ನು ಅಳಿಸದೆ ಸಾಕ್ಷ್ಯವಾಗಿ ಇಟ್ಟುಕೊಳ್ಳಬೇಕು. ಸೋಗುಹಾಕಿ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಶಿಕ್ಷಿಸಲು ಕಳ್ಳ ಸಿಕ್ಕಬೇಕು. ನನ್ನ ಹಣ ಶುಕ್ರವಾರ ರಾತ್ರಿಯೆಲ್ಲ ಒಂದು ಖಾತೆಯಲ್ಲಿ ಕುಳಿತಿದ್ದು, ಶನಿವಾರ ಮಧ್ಯಾಹ್ನ ಹೊರಟುಹೋಗಿತ್ತು. ನಾನು ಅದೇ ರಾತ್ರಿ ಬಾಯಿ ತೆರೆದಿದ್ದರೆ ಬಹುಶಃ ಉಳಿಯುತ್ತಿತ್ತು. ಕಳ್ಳ ಗಾಳ ಹಾಕಿದ, ನಿಜ. ದಾರವನ್ನು ಎಳೆದುಕೊಳ್ಳಲು ಅವನಿಗೆ ಒಂದು ರಾತ್ರಿಯ ಅವಕಾಶ ಕೊಟ್ಟದ್ದು ನನ್ನ ಮಾನ.

ಮನೆಗೆ ಬರುವಾಗ ಹಳೆಯ ಶಾಸನವೊಂದು ನೆನಪಾಯಿತು. ಸುಳ್ಳು ರಾಜಶಾಸನಕ್ಕೆ ನಮ್ಮವರು ‘ಕೂಟಶಾಸನ’ ಎನ್ನುತ್ತಿದ್ದರು. ಅದನ್ನು ಮಾಡಿದವನಿಗೆ ಮನು ಮರಣದಂಡನೆಯನ್ನೇ ವಿಧಿಸುತ್ತಾನೆ. ಉತ್ತರ ಪ್ರದೇಶದ ಮಧುಬನದಲ್ಲಿ ದೊರೆತ ಹರ್ಷವರ್ಧನನ ತಾಮ್ರಪಟದಲ್ಲಿ ಒಂದು ಸಂಗತಿಯಿದೆ. ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬವನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನು. ಅದು ತಿಳಿದು, ಆ ಪಟವನ್ನು ಒಡೆಸಿ, ಗ್ರಾಮವನ್ನು ಬೇರೆಯವರಿಗೆ ದಾನಮಾಡಿದೆ ಎಂದು ಚಕ್ರವರ್ತಿ ಬರೆಸುತ್ತಾನೆ. ತನ್ನ ಆಳ್ವಿಕೆಯಲ್ಲಿ, ರಾಜಶಾಸನದ ಹೆಸರಿನಲ್ಲಿಯೇ, ಇಂತಹ ಮೋಸ ನಡೆದಿತ್ತೆಂಬುದನ್ನು ಅವನು ಮುಚ್ಚಿಡಲಿಲ್ಲ. ತಾಮ್ರದ ಮೇಲೆ ಕೊರೆಸಿದ. ಹರ್ಷನಿಗೆ ಇಲ್ಲದ ನಾಚಿಕೆ ಪಿಂಚಣಿದಾರನಾದ ನನಗೇಕೆ?

ಅಂದು ರಾತ್ರಿ ಊಟವಾದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹಣದ ಮಾತನ್ನೇ ಎತ್ತಲಿಲ್ಲ. “ವೈದ್ಯರು ಊರಲ್ಲಿಲ್ಲ ಅಂದಿರಲ್ಲ, ಅದೊಂದು ಬೇಡವಾಗಿತ್ತು” ಎಂದಳು. ಶಸ್ತ್ರಚಿಕಿತ್ಸೆ ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳೂ ದಿನಪತ್ರಿಕೆಯನ್ನು ನಾನೇ ಅವಳಿಗೆ ಓದಿ ಹೇಳಿದೆ. ಪಿಂಚಣಿದಾರರ ಕೂಟದಲ್ಲಿ ಈ ಕಥೆಯನ್ನು ಹೇಳಿದಾಗ ಯಾರೂ ನಗಲಿಲ್ಲ. ಸಭೆ ಮುಗಿದ ಮೇಲೆ ಇಬ್ಬರು ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, ತಮಗೂ ಹೀಗೆಯೇ ಆಗಿತ್ತೆಂದು ಮೆಲ್ಲನೆ ಹೇಳಿದರು. ಒಬ್ಬರು ವರ್ಷದಿಂದ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ‘ಈಗಲೇ’ ಎನ್ನುವ ಪತ್ರ ಯಾವುದೇ ಬರಲಿ, ಕಾಫಿ ಕುಡಿದು, ಒಬ್ಬರು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಮುಂದಿನ ಮಾತು. ಹೋದ ತಿಂಗಳು ಬ್ಯಾಂಕಿನಿಂದ ನಿಜವಾದ ಪತ್ರವೇ ಬಂದಿತು. ನಮ್ಮ ಈ ನಿಯಮದಿಂದಾಗಿ ಅದು ಮೂರು ದಿನ ಹಾಗೆಯೇ ಬಿದ್ದಿತ್ತು. ನಾಲ್ಕನೆಯ ದಿನ ಶಾಖೆಗೆ ಹೋಗಿ, ತಡವಾಯಿತೆಂದು ಕ್ಷಮೆ ಕೇಳಿದೆ.

“ಅದಕ್ಕೇನು ಸಾರ್, ಇನ್ನೂ ತಿಂಗಳು ಸಮಯವಿದೆ” ಎಂದ ನನ್ನ ಶಿಷ್ಯ.